ಕಾರ್ಡಿನ ಸಾಲವೂ ಸಾಲವೇ



ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವ ರೂಢಿ ಇಲ್ಲ. ಒಂದು ರೂಪಾಯಿ ಬಡ್ಡಿ, ಎರಡು ರೂಪಾಯಿ ಬಡ್ಡಿ ಎನ್ನುತ್ತಾರೆ. ನೂರು ರೂಪಾಯಿಗೆ ತಿಂಗಳಿಗೆ ಇಷ್ಟು ಎಂದು ಅರ್ಥ. ಒಂದು ರೂಪಾಯಿ ಬಡ್ಡಿಗೆ ಕೊಟ್ಟವನನ್ನು ಒಳ್ಳೆಯವನು ಎನ್ನುತ್ತೇವೆ. ಎರಡು ರೂಪಾಯಿ ಎಂದರೆ ಅನಿವಾರ್ಯ ಎಂದು ಸಹಿಸುತ್ತೇವೆ. ಮೂರು ರೂಪಾಯಿ ಬಡ್ಡಿಗೆ ಸಾಲ ತಂದನಂತೆ ಎಂದು ಕೇಳಿದರೆ, ಆ ಮನೆ ಉಳಿಯುವುದಿಲ್ಲ ಬಿಡಿ ಎಂದು ಹಿರಿಯರು ತಲೆ ಅಲ್ಲಾಡಿಸುತ್ತಾರೆ.

ಈಗ ನಮ್ಮ ಮಕ್ಕಳ ಜೇಬಿನಲ್ಲಿರುವ ಕ್ರೆಡಿಟ್ ಕಾರ್ಡಿನ ಬಡ್ಡಿಯನ್ನು ಇದೇ ಭಾಷೆಯಲ್ಲಿ ಹೇಳಿ ನೋಡೋಣ. ಬಾಕಿ ಉಳಿಸಿಕೊಂಡರೆ ಬಹಳಷ್ಟು ಕಾರ್ಡುಗಳಿಗೆ ತಿಂಗಳಿಗೆ ಶೇ. 3.5ರಿಂದ 3.75 ಬಡ್ಡಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಅಂದರೆ ಇದು ನಾಲ್ಕು ರೂಪಾಯಿ ಬಡ್ಡಿಯ ಸಾಲ. ಊರಿನ ಬಡ್ಡಿ ವ್ಯಾಪಾರಿ ಈ ದರ ಹೇಳಿದರೆ ನಾವು ಅವನ ಜಗಲಿಯಿಂದ ಎದ್ದು ಬರುತ್ತೇವೆ. ಅದೇ ದರವನ್ನು ಚಿನ್ನದ ಬಣ್ಣದ ಕಾರ್ಡಿನ ಮೇಲೆ ಹೆಸರು ಅಚ್ಚು ಹಾಕಿ ಕೊಟ್ಟಾಗ ಮರ್ಯಾದೆ ಎಂದು ತಿಳಿದು ಮನೆಗೆ ತರುತ್ತೇವೆ.

ಮಠದ ಪತ್ರಿಕೆಯಲ್ಲಿ ಬ್ಯಾಂಕಿನ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಯಕದಿಂದ ಬಂದ ಹಣದಲ್ಲಿ ಮನೆ ನಡೆದು, ಉಳಿದದ್ದು ದಾಸೋಹಕ್ಕೆ ಸಲ್ಲಬೇಕು ಎಂಬುದು ನಮ್ಮ ದಾರಿ. ಮುಂದಿನ ತಿಂಗಳ ಕಾಯಕವನ್ನು ಈ ತಿಂಗಳೇ ಒತ್ತೆ ಇಟ್ಟವನಿಗೆ ದಾಸೋಹಕ್ಕೆ ಏನು ಉಳಿಯುತ್ತದೆ? ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಲೆಕ್ಕ ಇಡುವುದು ಲೌಕಿಕದ ಕೆಲಸ, ಧರ್ಮಕ್ಕೆ ಹೊರಗಿನದು ಎಂದು ಶರಣರು ಎಂದೂ ತಿಳಿದಿರಲಿಲ್ಲ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಸರ್ಕಾರಿ ಸೇವೆಯಲ್ಲಿ ಎಂಜಿನಿಯರ್ ಆಗಿ ಕೆರೆ ಏರಿ, ತೂಬು, ಕೋಡಿಗಳ ಲೆಕ್ಕ ಮಾಡಿಯೇ ನಿವೃತ್ತನಾದವನು ನಾನು. ನಿವೃತ್ತಿಯ ನಂತರ ಪಿಂಚಣಿ ಖಾತೆ ಇದ್ದ ಬ್ಯಾಂಕಿನಲ್ಲಿ ಒಂದು ಕಾರ್ಡ್ ಕೊಟ್ಟರು. ಊರಿನ ತೋಟಕ್ಕೆ ಪಂಪು, ಮೋಟಾರು, ಪೈಪು ಎಂದು 48 ಸಾವಿರ ರೂಪಾಯಿಯನ್ನು ಅದರಲ್ಲೇ ಕೊಟ್ಟೆ. ಬಿಲ್ ತಾನಾಗಿಯೇ ಖಾತೆಯಿಂದ ಕಡಿತವಾಗಲಿ ಎಂದು ಒಂದು ನಮೂನೆಗೆ ಸಹಿ ಹಾಕಿದ್ದೆ. ಅದರಲ್ಲಿ ಎರಡು ಚೌಕಗಳಿದ್ದವು. ಒಂದು ಪೂರ್ತಿ ಬಾಕಿ, ಇನ್ನೊಂದು ಕನಿಷ್ಠ ಬಾಕಿ. ಗುರುತು ಬಿದ್ದಿದ್ದು ಎರಡನೆಯದಕ್ಕೆ. ನಾನು ಓದದೆ ಸಹಿ ಮಾಡಿದ್ದೆ. ತಿಂಗಳು ತಿಂಗಳು ನಿಮ್ಮ ಪಾವತಿ ಸ್ವೀಕರಿಸಿದ್ದೇವೆ, ಧನ್ಯವಾದ ಎಂಬ ಸಂದೇಶ ಮೊಬೈಲಿಗೆ ಬರುತ್ತಿತ್ತು. ಧನ್ಯವಾದ ಬಂದ ಮೇಲೆ ಇನ್ನೇನು ನೋಡುವುದು ಎಂದು ನೆಮ್ಮದಿಯಾಗಿದ್ದೆ.

ಏಳು ತಿಂಗಳ ನಂತರ ಬಿಲ್ ತೆಗೆದು ನೋಡಿದೆ. ಕಟ್ಟಿದ್ದು ಸುಮಾರು 16 ಸಾವಿರ. ಅಸಲು ಇಳಿದದ್ದು 3 ಸಾವಿರಕ್ಕಿಂತ ಕಡಿಮೆ. ಅದೇ ಹೊತ್ತಿನಲ್ಲಿ ಅದೇ ಬ್ಯಾಂಕಿನಲ್ಲಿ ಶೇ. 7ರ ಸುಮಾರಿಗೆ ನನ್ನ ಠೇವಣಿ ಇತ್ತು. ನನ್ನ ಹಣವನ್ನು ವರ್ಷಕ್ಕೆ 7 ರೂಪಾಯಿಗೆ ಅವರಿಗೆ ಕೊಟ್ಟು, ಅವರ ಹಣವನ್ನು ವರ್ಷಕ್ಕೆ 42 ರೂಪಾಯಿಗೆ ನಾನು ತಂದುಕೊಂಡಿದ್ದೆ. ಆ ದಿನವೇ ಠೇವಣಿ ಮುರಿಸಿ ಬಾಕಿ ತೀರಿಸಿದೆ. ಮನೆಯಲ್ಲಿ ಹೇಳಲು ನಾಲ್ಕು ದಿನ ನಾಚಿಕೆಯಾಯಿತು. ಎಂಜಿನಿಯರಿಂಗ್ ಓದಿದವನ ಗತಿ ಇದಾದರೆ, ಈಗ ತಾನೆ ಮೊದಲ ಸಂಬಳ ಕಂಡ ಹುಡುಗ ಹುಡುಗಿಯರ ಗತಿ ಏನು ಎಂಬ ಚಿಂತೆಯಿಂದ ಈ ಸಂಪಾದಕೀಯ ಬರೆಯುತ್ತಿದ್ದೇನೆ.

ಕಾರ್ಡು ಕೆಲಸ ಮಾಡುವ ಬಗೆ ಸರಳ. ತಿಂಗಳಿಗೊಮ್ಮೆ ಬಿಲ್ ಆಗುತ್ತದೆ. ಬಿಲ್ಲಾದ ಮೇಲೆ ಕಟ್ಟಲು ಹದಿನೈದು ಇಪ್ಪತ್ತು ದಿನಗಳ ಗಡುವು. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಒಂದು ಪೈಸೆ ಬಡ್ಡಿ ಇಲ್ಲ. ಬಿಲ್ ಆದ ಮರುದಿನ ಕೊಂಡ ವಸ್ತುವಿಗೆ ಸುಮಾರು 45ರಿಂದ 50 ದಿನ ಬಡ್ಡಿಯಿಲ್ಲದೆ ಹಣ ಸಿಕ್ಕಂತಾಯಿತು. ಹೀಗೆ ಬಳಸುವವನಿಗೆ ಕಾರ್ಡಿನಿಂದ ನಷ್ಟವಿಲ್ಲ, ಅನುಕೂಲವೇ ಉಂಟು. ಖರ್ಚಿನ ಲೆಕ್ಕ ಒಂದೇ ಹಾಳೆಯಲ್ಲಿ ಸಿಗುತ್ತದೆ. ನಾಳೆ ಮನೆ ಸಾಲಕ್ಕೆ ಹೋದಾಗ ಸಮಯಕ್ಕೆ ಸರಿಯಾಗಿ ಕಟ್ಟುವವನು ಎಂಬ ದಾಖಲೆ ಇರುತ್ತದೆ. ಸ್ವಲ್ಪ ಬಾಕಿ ಇಟ್ಟರೆ ಸಿಬಿಲ್ ಅಂಕ ಏರುತ್ತದೆ ಎಂದು ಕೆಲವು ಯುವಕರು ನಂಬಿದ್ದಾರೆ. ಅದು ಸುಳ್ಳು. ಅಂಕಕ್ಕೆ ಬೇಕಾದುದು ಗಡುವಿನೊಳಗಿನ ಪಾವತಿ. ಕಾರ್ಡಿನ ಮಿತಿಯ ಬಹುಭಾಗವನ್ನು ಸದಾ ಬಳಸಿಕೊಂಡೇ ಇದ್ದರೆ ಅಂಕ ಇಳಿಯುತ್ತದೆ.

ಬಿಲ್ಲಿನಲ್ಲಿ ಪೂರ್ತಿ ಮೊತ್ತದ ಪಕ್ಕದಲ್ಲೇ ಕನಿಷ್ಠ ಮೊತ್ತ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಇದರ ಲೆಕ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಸಾಮಾನ್ಯವಾಗಿ ಬಾಕಿಯ ಶೇ. 5ರ ಆಸುಪಾಸು. ಇದನ್ನು ಕಟ್ಟಿದರೆ ತಡಪಾವತಿಯ ದಂಡ ಬೀಳುವುದಿಲ್ಲ, ಅಷ್ಟೇ. ಉಳಿದ ಬಾಕಿಗೆ ಬಡ್ಡಿ ಓಡುತ್ತದೆ. ಅದರ ಜೊತೆಗೆ, ಹಿಂದಿನ ಬಿಲ್ಲಿನ ಬಾಕಿ ಸ್ವಲ್ಪ ಉಳಿದರೂ ಬಡ್ಡಿಯಿಲ್ಲದ ಅವಧಿಯೇ ರದ್ದಾಗುತ್ತದೆ. ಆಮೇಲೆ ಅಂಗಡಿಯಲ್ಲಿ ಕೊಂಡ ಅಕ್ಕಿ ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ. ಅನೇಕರಿಗೆ ತಿಳಿಯದ ಸಂಗತಿ ಇದು.

ಲೆಕ್ಕ ಹಾಕೋಣ. ಬಾಕಿ 50,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ ಶೇ. 3.5ರಂತೆ 1,750. ಅದಕ್ಕೆ ಜಿಎಸ್‌ಟಿ 315. ಒಟ್ಟು 2,065. ನೀವು ಶೇ. 5ರಂತೆ 2,500 ಕಟ್ಟಿದಿರಿ. ಅಸಲಿಗೆ ಸೇರಿದ್ದು 435 ರೂಪಾಯಿ ಮಾತ್ರ. ಕೆರೆಯ ತೂಬು ತೆರೆದು 2,500 ಪಾಲು ನೀರು ಬಿಟ್ಟರೆ, ಹಿಂದಿನಿಂದ 2,065 ಪಾಲು ನೀರು ಒಳಗೆ ಬರುತ್ತಿದೆ. ಈ ಕೆರೆ ಯಾವಾಗ ಬರಿದಾಗಬೇಕು?

ಇನ್ನು ಮುಂದೆ ಕಾರ್ಡಿನಲ್ಲಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ, ಪ್ರತಿ ತಿಂಗಳು ಇದ್ದ ಬಾಕಿಯ ಶೇ. 5 ಮಾತ್ರ ಕಟ್ಟುತ್ತ ಹೋದರೆ, 50 ಸಾವಿರ 25 ಸಾವಿರಕ್ಕೆ ಇಳಿಯಲು ಸುಮಾರು 79 ತಿಂಗಳು ಬೇಕು. ಆರೂವರೆ ವರ್ಷ. ಅಷ್ಟರಲ್ಲಿ ಕಟ್ಟಿದ್ದು ಸುಮಾರು 1 ಲಕ್ಷ 43 ಸಾವಿರ. ಇನ್ನೂ 25 ಸಾವಿರ ಬಾಕಿ. ಕನಿಷ್ಠ ಮೊತ್ತ ಇಳಿದರೂ ಹಟ ಹಿಡಿದು ಪ್ರತಿ ತಿಂಗಳು 2,500 ಕಟ್ಟುತ್ತ ಹೋದರೆ 44ನೆಯ ತಿಂಗಳಿಗೆ ತೀರುತ್ತದೆ, ಒಟ್ಟು ಸುಮಾರು 1 ಲಕ್ಷ 8 ಸಾವಿರ. ತಿಂಗಳಿಗೆ 5,000 ಕಟ್ಟಿದರೆ 14ನೆಯ ತಿಂಗಳಿಗೆ ಮುಗಿಯುತ್ತದೆ, ಒಟ್ಟು ಸುಮಾರು 66 ಸಾವಿರ. ಗಡುವಿನೊಳಗೆ ಪೂರ್ತಿ ಕಟ್ಟಿದ್ದರೆ 50 ಸಾವಿರವೇ. ಸಾಲ ಒಂದೇ, ಬಡ್ಡಿ ದರ ಒಂದೇ. ತಿಂಗಳಿಗೆ ಎಷ್ಟು ಕಟ್ಟುತ್ತೀರಿ ಎಂಬುದರ ಮೇಲೆ ಇಷ್ಟು ವ್ಯತ್ಯಾಸ.

ಇದಕ್ಕೆ ಕಾನೂನಿನ ತಡೆ ಇಲ್ಲವೇ ಎಂದು ಕೇಳುವವರಿದ್ದಾರೆ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. ಬ್ಯಾಂಕುಗಳು ಮೇಲ್ಮನವಿ ಹೋದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಹಾಗಾಗಿ ಆ ಮಿತಿ ಈಗಿಲ್ಲ. ನಮ್ಮ ರಾಜ್ಯದಲ್ಲಿ 2025ರ ಆರಂಭದಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ದಿನವೂ ಬರುತ್ತಿತ್ತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ವಿಧಿಸಿತು. ಅದು ಬೇಕಾಗಿತ್ತು. ಆದರೆ ಬಾಗಿಲಿಗೆ ಬಂದು ಕೂಗಾಡುವವನನ್ನು ಕಾನೂನು ತಡೆಯಬಹುದು. ನಾವೇ ಒಪ್ಪಿ ಸಹಿ ಹಾಕಿದ ಬಡ್ಡಿ ಸದ್ದಿಲ್ಲದೆ ಬೆಳೆಯುತ್ತದೆ. ಅದನ್ನು ತಡೆಯಬೇಕಾದವರು ನಾವೇ.

ನಮ್ಮ ಜಿಲ್ಲೆಗೆ ಇದು ಹೆಚ್ಚು ಅಪಾಯಕಾರಿ ಎನ್ನಲು ಕಾರಣವಿದೆ. ಕಾರ್ಡಿನ ಗಡುವು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ನಮ್ಮ ಆದಾಯ ಹಾಗೆ ಬರುವುದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ರೀಲರ್ ಹಣವನ್ನು ಮೊದಲೇ ಸಿದ್ಧ ಇಟ್ಟುಕೊಂಡಿರಬೇಕು. ಅವನು ತೆಗೆದ ನೂಲು ಮಾರಾಟವಾಗಿ ಹಣ ಕೈಸೇರುವುದು ಯಾವಾಗಲೋ, ಬೆಲೆ ಎಷ್ಟೋ. ಚಿಂತಾಮಣಿಯ ಟೊಮೆಟೊ ಒಂದು ವಾರ ಬಂಗಾರ, ಮರುವಾರ ರಸ್ತೆ ಬದಿಗೆ ಸುರಿಯುವ ಕಸ. ನಂದಿ ಸುತ್ತಿನ ದ್ರಾಕ್ಷಿಗೆ ಒಂದು ಆಲಿಕಲ್ಲು ಮಳೆ ಸಾಕು. ಗೌರಿಬಿದನೂರಿನ ಮುಸುಕಿನ ಜೋಳದವರು ಕಟಾವಿನವರೆಗೆ ಕಾಯಬೇಕು. ಹೀಗೆ ಏರಿಳಿಯುವ ಆದಾಯದವರು ತಿಂಗಳ ಗಡುವಿನ ಸಾಲಕ್ಕೆ ಕೈಹಾಕಿದರೆ ಮೊದಲ ಬೆಲೆ ಕುಸಿತಕ್ಕೇ ಕನಿಷ್ಠ ಮೊತ್ತದ ಸುಳಿಗೆ ಬೀಳುತ್ತಾರೆ. ತಿಂಗಳಿಗೆ ನಾಲ್ಕು ರೂಪಾಯಿ ಬಡ್ಡಿ ಕೊಟ್ಟು ಲಾಭ ಉಳಿಸುವ ಬೆಳೆ ಯಾವುದಿದೆ ಹೇಳಿ.

ಹೆಸರಿನ ಗೊಂದಲವೂ ಒಂದಿದೆ. ರೈತರಿಗೆ ಕ್ರೆಡಿಟ್ ಕಾರ್ಡ್ ಎಂದರೆ ಮೊದಲು ನೆನಪಾಗುವುದು 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್. ಅದರಲ್ಲಿ 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ವರ್ಷಕ್ಕೆ ಶೇ. 7 ಬಡ್ಡಿ, ಸಮಯಕ್ಕೆ ತೀರಿಸಿದರೆ ಶೇ. 4. ಸಹಕಾರ ಸಂಘದ ಮೂಲಕ 5 ಲಕ್ಷದವರೆಗೆ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆ ಸಾಲವನ್ನು ರಾಜ್ಯ ಸರ್ಕಾರ 2023-24ರಲ್ಲಿ ಘೋಷಿಸಿತು. ತೀರಿಸುವ ಗಡುವು ಬೆಳೆಯ ಕಾಲಕ್ಕೆ ಹೊಂದಿಕೊಂಡಿರುತ್ತದೆ. ಅಂಗಡಿಯಲ್ಲಿ ಉಜ್ಜುವ ಕಾರ್ಡಿಗೂ ಇದಕ್ಕೂ ಹೆಸರು ಬಿಟ್ಟರೆ ಬೇರೇನೂ ಸಂಬಂಧವಿಲ್ಲ. ವರ್ಷಕ್ಕೆ 4 ರೂಪಾಯಿ ಎಲ್ಲಿ, ತಿಂಗಳಿಗೆ 4 ರೂಪಾಯಿ ಎಲ್ಲಿ! ಹೊಲಕ್ಕೆ, ರೇಷ್ಮೆ ಮನೆಗೆ ಬಂಡವಾಳ ಬೇಕಾದವರು ಮೊದಲು ಸಹಕಾರ ಸಂಘದ, ಬ್ಯಾಂಕಿನ ಕೃಷಿ ಸಾಲದ ಮೇಜಿಗೆ ಹೋಗಬೇಕು. ಅಲ್ಲಿ ಓಡಾಟ ಹೆಚ್ಚು ನಿಜ. ಆ ಓಡಾಟಕ್ಕೆ ಬೇಸರಪಟ್ಟು ಕಾರ್ಡು ಉಜ್ಜಿದರೆ ಹತ್ತು ಪಟ್ಟಿಗೂ ಹೆಚ್ಚು ಬಡ್ಡಿ ತೆರಬೇಕಾಗುತ್ತದೆ.

ಸಂಬಳದವರಿಗೂ ಎಚ್ಚರ ಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರ, ಬೆಂಗಳೂರಿಗೆ ನಮ್ಮ ಊರುಗಳಿಂದ ದಿನವೂ ಕೆಲಸಕ್ಕೆ ಹೋಗಿಬರುವ ಮಕ್ಕಳಿಗೆ ಸಂಬಳದ ಖಾತೆಯ ಬೆನ್ನಿಗೇ ಕಾರ್ಡ್ ಬರುತ್ತದೆ. 2022ರ ಸೆಪ್ಟೆಂಬರ್‌ನಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆಯೂ ಬಂದಿದೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಸ್ಕ್ಯಾನ್ ಮಾಡಿದಾಗ ಹೋಗುತ್ತಿರುವುದು ಖಾತೆಯ ಹಣವೋ ಸಾಲದ ಹಣವೋ ಎಂದು ಒಮ್ಮೆ ನೋಡಬೇಕಾದ ಕಾಲ ಇದು. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ಅದಕ್ಕೆ ಬಡ್ಡಿಯಿಲ್ಲದ ಅವಧಿಯೇ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ.

ಈ ಮಾತು ಹೇಳುವಾಗ ಮಕ್ಕಳನ್ನಷ್ಟೇ ದೂರಿದರೆ ಅನ್ಯಾಯ. ನಮ್ಮ ಮದುವೆಗಳನ್ನು ನೋಡಿ. ವಚನಗಳ ಸಾಕ್ಷಿಯಲ್ಲಿ ಸರಳವಾಗಿ ಕಲ್ಯಾಣ ಮಾಡಿ ಎಂದು ಮಠಗಳು ಹೇಳುತ್ತಲೇ ಇವೆ. ವೇದಿಕೆಯಲ್ಲಿ ಅದಕ್ಕೆ ಚಪ್ಪಾಳೆ ತಟ್ಟಿದ ನಾವೇ ನಮ್ಮ ಮನೆಯ ಸರದಿ ಬಂದಾಗ ದೊಡ್ಡ ಛತ್ರ, ಮೂರು ಬಗೆಯ ಸಿಹಿ, ಡ್ರೋನ್ ಕ್ಯಾಮೆರಾ ಎನ್ನುತ್ತೇವೆ. ಗುರುಪ್ರವೇಶಕ್ಕೆ ಊರಿಗೆಲ್ಲ ಊಟ. ಆ ಖರ್ಚಿನ ಒಂದು ಭಾಗ ಮದುಮಗನ ಅಥವಾ ಅವನ ತಂಗಿಯ ಕಾರ್ಡಿನ ಮೇಲೆ ಕುಳಿತಿರುತ್ತದೆ. ನೆಂಟರು ಊಟ ಮರೆತು ವರ್ಷ ಕಳೆದರೂ ಅದರ ಬಡ್ಡಿ ಹೋಗುತ್ತಲೇ ಇರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ತಾಯಿ ಅದನ್ನು ಹಿಂದಕ್ಕೆ ಕಳಿಸಿದಳು. ಕೈಗೆ ಬಂದ ಅಕ್ಕಿಯನ್ನೇ ಬೇಡ ಎಂದ ಪರಂಪರೆಯವರು ನಾವು, ಕೈಗೆ ಬಾರದ ಹಣವನ್ನು ಬಡ್ಡಿಗೆ ತಂದು ಮೆರೆಯುತ್ತಿದ್ದೇವೆ.

ಎಲ್ಲ ಸಾಲವೂ ಮೆರೆಯಲು ಮಾಡಿದ್ದಲ್ಲ ಎಂಬುದನ್ನು ಒಪ್ಪಬೇಕು. ಆಸ್ಪತ್ರೆಯ ಕೌಂಟರಿನಲ್ಲಿ ರಾತ್ರಿ ಎರಡು ಗಂಟೆಗೆ ಹಣ ಕಟ್ಟಿ ಎಂದಾಗ ಕಾರ್ಡು ತೆಗೆದವರನ್ನು ಯಾರೂ ತಪ್ಪು ಎನ್ನಲಾರರು. ಕೆಲಸ ಹೋದವರು, ಬೆಳೆ ಹೋದವರು ಇದ್ದಾರೆ. ಅಂಥವರಿಗೆ ಉಪದೇಶ ಬೇಡ, ದಾರಿ ಬೇಕು. ನನಗೆ ತಿಳಿದ ದಾರಿ ಇಷ್ಟು.

ಮೊದಲನೆಯದು, ಬಾಕಿ ಇರುವ ಕಾರ್ಡಿನಲ್ಲಿ ಹೊಸ ಖರ್ಚು ನಿಲ್ಲಿಸಿ. ಒಳಹರಿವು ನಿಲ್ಲಿಸದೆ ಕೆರೆ ಖಾಲಿ ಮಾಡಲಾಗದು. ಎರಡನೆಯದು, ಎಲ್ಲ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆದು, ಬಡ್ಡಿ ಹೆಚ್ಚಿರುವುದನ್ನು ಮೇಲೆ ಇಡಿ. ಮಿಕ್ಕವಕ್ಕೆ ಕಟ್ಟಬೇಕಾದಷ್ಟು ಕಟ್ಟಿ, ಕೈಲಿ ಉಳಿದದ್ದನ್ನೆಲ್ಲ ಮೇಲಿನ ಸಾಲಕ್ಕೆ ಹಾಕಿ. ಬಹುಪಾಲು ಮನೆಗಳಲ್ಲಿ ಆ ಸ್ಥಾನ ಕಾರ್ಡಿನದೇ ಇರುತ್ತದೆ. ಮೂರನೆಯದು, ಮನೆಯಲ್ಲಿ ಠೇವಣಿ ಇದ್ದರೆ ಅದನ್ನು ಮುರಿಸಿ ಕಾರ್ಡು ತೀರಿಸಿ. ಠೇವಣಿ ಇಲ್ಲದಿದ್ದರೆ ಬ್ಯಾಂಕಿನ ಚಿನ್ನದ ಸಾಲವನ್ನೋ ಸಹಕಾರ ಸಂಘದ ಸಾಲವನ್ನೋ ಕೇಳಿ. ಅವುಗಳ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಯ ಅರ್ಧಕ್ಕಿಂತಲೂ ಕಡಿಮೆ. ಆದರೆ ಒಂದು ಷರತ್ತು. ಹೀಗೆ ತೀರಿಸಿದ ಕಾರ್ಡನ್ನು ಮತ್ತೆ ತುಂಬಿಸಿದರೆ ಚಿನ್ನವೂ ಹೋಯಿತು, ಸಾಲವೂ ಉಳಿಯಿತು. ನಾಲ್ಕನೆಯದು, ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಇದ್ದರೆ ಇವತ್ತೇ ನೋಡಿ, ಗುರುತು ಬಿದ್ದಿರುವುದು ಪೂರ್ತಿ ಮೊತ್ತಕ್ಕೋ ಕನಿಷ್ಠ ಮೊತ್ತಕ್ಕೋ ಎಂದು. ನನ್ನ ಏಳು ತಿಂಗಳು ನಿಮಗೆ ಬೇಡ.

ಕೆಲವು ಹಕ್ಕುಗಳೂ ನಮಗಿವೆ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ನಾವು ಕೇಳದೆ ಕಾರ್ಡ್ ಕೊಡುವಂತಿಲ್ಲ. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಬ್ಯಾಂಕ್ ಗ್ರಾಹಕರಿಗೆ ತಿಳಿಸಲೇಬೇಕು. ಬಿಲ್ ದಿನ ಸಂಬಳದ ದಿನಕ್ಕೆ ಹೊಂದದಿದ್ದರೆ ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶ ಇದೆ. ಬಾಕಿ ತೀರಿಸಿ ಕಾರ್ಡ್ ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಮಗೆ ಕೊಡಬೇಕು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ನೆಂಟರ ಮುಂದೆ ಮಾನ ಕಳೆಯುವಂತಿಲ್ಲ. ದೂರನ್ನು ಮೊದಲು ಬ್ಯಾಂಕಿಗೆ ಬರಹದಲ್ಲಿ ಕೊಡಿ. 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಕೊನೆಯದಾಗಿ, ಮಠಗಳಿಗೆ ಮತ್ತು ನಮ್ಮ ಬಳಗಗಳಿಗೆ ಒಂದು ವಿನಂತಿ. ಸಾಲ ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದನ್ನು ಮುಚ್ಚಿಡುವ ನಾಚಿಕೆ ಕೊಲ್ಲುತ್ತದೆ. ಗಂಡನ ಕಾರ್ಡಿನ ಬಾಕಿ ಹೆಂಡತಿಗೆ ಗೊತ್ತಿಲ್ಲ. ಮಗನದು ತಂದೆಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಹೊಲದ ಪತ್ರ ಕೈಬಿಟ್ಟಿರುತ್ತದೆ, ಇಲ್ಲವೇ ಮಗನೇ ಕೈಬಿಟ್ಟಿರುತ್ತಾನೆ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ತಮ್ಮ ಬದುಕನ್ನು ತೆರೆದಿಟ್ಟು ಮಾತನಾಡಿದರು ಎಂದು ಹೆಮ್ಮೆಪಡುತ್ತೇವೆ. ತಿಂಗಳ ಶರಣ ಸಂಗಮದಲ್ಲಿ ಪ್ರಸಾದದ ನಂತರ ಒಂದು ಗಂಟೆ ಲೆಕ್ಕಕ್ಕೂ ಮೀಸಲಿಡೋಣ. ಊರಿನಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಗಣಿತದ ಮೇಷ್ಟ್ರುಗಳು, ನನ್ನಂಥ ಎಂಜಿನಿಯರುಗಳು ಬೇಕಾದಷ್ಟು ಮಂದಿ ಇದ್ದೇವೆ. ಒಂದು ಮೇಜು, ಒಂದು ಕ್ಯಾಲ್ಕುಲೇಟರ್ ಹಾಕಿಕೊಂಡು ಕುಳಿತುಕೊಳ್ಳುತ್ತೇವೆ. ಜಾತಿ ಕೇಳುವುದು ಬೇಡ, ಹೆಸರು ಬರೆದುಕೊಳ್ಳುವುದು ಬೇಡ, ಬುದ್ಧಿ ಹೇಳುವುದು ಬೇಡ. ಬಿಲ್ ತಂದವರಿಗೆ ಅದನ್ನು ಓದಿ ಹೇಳೋಣ, ತೀರಿಸುವ ದಾರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಡೋಣ. ಅನ್ನದ ಹಾಗೆ ಅರಿವೂ ದಾಸೋಹವೇ.

ಈ ಸಂಚಿಕೆ ಓದಿ ಮುಗಿಸಿದವರು ಇಂದು ರಾತ್ರಿ ಊಟದ ನಂತರ ಮನೆಯವರೊಡನೆ ಕುಳಿತು ಎಲ್ಲರ ಕಾರ್ಡುಗಳ ಬಿಲ್ಲನ್ನು ಮುಂದಿಟ್ಟುಕೊಳ್ಳಿ. ಬೈಯಬೇಡಿ. ಎರಡು ಸಂಖ್ಯೆಗಳಲ್ಲಿ ದೊಡ್ಡದರ ಸುತ್ತ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ. ನಾವು ತೀರಿಸಬೇಕಾದುದು ಅದನ್ನು.